ಮದುವೆಗೆ ಮುನ್ನ ಮುಚ್ಚಿಟ್ಟ ಕಾಯಿಲೆ

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ನಮ್ಮ ದೂರದ ಸಂಬಂಧಿಕರೊಬ್ಬರು, ಗಂಡ ಹೆಂಡತಿ ಇಬ್ಬರೂ, ಬೆಂಗಳೂರಿನ ಶ್ರೀನಗರದ ನಮ್ಮ ಮನೆಗೆ ಬಂದಿದ್ದರು. ಮಗಳಿಗೆ ಸಂಬಂಧ ಕೂಡಿಬಂದಿದೆ ಎಂಬ ಸಿಹಿ ಸುದ್ದಿ ಹೇಳಿ, ಕಾಫಿ ಕುಡಿದು, ಇನ್ನೇನು ಹೊರಡಬೇಕು ಎನ್ನುವಾಗ ಆಕೆ ಲೋಟ ಇಡುವ ನೆಪದಲ್ಲಿ ನನ್ನ ಹಿಂದೆಯೇ ಅಡುಗೆಮನೆಗೆ ಬಂದರು. ದನಿ ತಗ್ಗಿಸಿ, "ಅವಳು ಎರಡು ವರ್ಷದಿಂದ ಮಾತ್ರೆ ತಗೋತಿರೋದು ನಿಮಗೆ ಗೊತ್ತಲ್ಲ. ಹುಡುಗನ ಕಡೆಯವರಿಗೆ ಹೇಳಿಲ್ಲ. ನಿಮ್ಮ ಮಗನ ಮದುವೆ ಹೊತ್ತಲ್ಲಿ ನೀವು ಹೇಗೆ ನಿಭಾಯಿಸಿದ್ರಿ?" ಎಂದು ಕೇಳಿದರು. ಚುಚ್ಚಬೇಕೆಂಬ ಉದ್ದೇಶ ಆ ಮಾತಿನಲ್ಲಿ ಖಂಡಿತ ಇರಲಿಲ್ಲ. ಈ ಕೆಲಸದಲ್ಲಿ ಅನುಭವ ಇರುವವಳೆಂದು ನಂಬಿ ಕೇಳಿದ್ದರು. ಅಂದು ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಪೂರ್ತಿ ಉತ್ತರವನ್ನು ಈ ಪತ್ರದಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಅವರೊಬ್ಬರ ಮನೆಯದಲ್ಲವಾದ್ದರಿಂದ ನಿಮ್ಮ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಮ್ಮ ಮಗನಿಗೆ ಕಾಯಿಲೆ ಮೊದಲು ಕಾಣಿಸಿಕೊಂಡದ್ದು 2008ರಲ್ಲಿ, ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ. ಅವನಿಗಾಗ 21 ವರ್ಷ. ವಾರಗಟ್ಟಲೆ ನಿದ್ದೆಯಿಲ್ಲ, ಆದರೂ ದಣಿವೆಂಬುದಿಲ್ಲ. ಮಾತು ನಿಲ್ಲುತ್ತಿರಲಿಲ್ಲ. ಕಾಲೇಜಿನ ಫೀಸಿಗೆಂದು ಕೊಟ್ಟ ಹಣದಲ್ಲಿ ಎರಡು ಗಿಟಾರು ಕೊಂಡು ತಂದ. ಪರೀಕ್ಷೆಯ ಒತ್ತಡ ಎಂದುಕೊಂಡೆವು, ಆಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದು ದೃಷ್ಟಿ ತೆಗೆಸಿದೆವು, ತಾಯತ ಕಟ್ಟಿಸಿದೆವು, ಕೊನೆಗೆ ಆಸ್ಪತ್ರೆಗೆ ಸೇರಿಸಿದೆವು. ವೈದ್ಯರು ಬೈಪೋಲಾರ್ ಕಾಯಿಲೆ ಎಂದರು. ಉನ್ಮಾದವೂ ಖಿನ್ನತೆಯೂ ಬೇರೆ ಬೇರೆ ಅವಧಿಗಳಲ್ಲಿ ಬಂದುಹೋಗುವ ಕಾಯಿಲೆ ಇದು, ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಶುರುವಾಗುವುದು ಸಾಮಾನ್ಯ, ಲಿಥಿಯಂ ಮಾತ್ರೆಯನ್ನು ತಪ್ಪದೆ ನುಂಗಿ, ಆಗಾಗ ರಕ್ತಪರೀಕ್ಷೆ ಮಾಡಿಸಿ ಅದರ ಪ್ರಮಾಣ ನೋಡಿಕೊಂಡು, ನಿದ್ದೆಗೆಡದೆ ಇದ್ದರೆ ಓದು, ಕೆಲಸ, ಸಂಸಾರ ಎಲ್ಲವೂ ಸಾಧ್ಯ ಎಂದು ಬಿಡಿಸಿ ಹೇಳಿದರು. ಅವರು ಹೇಳಿದಂತೆಯೇ ಆಯಿತು. ಒಂದು ವರ್ಷ ತಡವಾಗಿ ಪದವಿ ಮುಗಿಸಿ ಕೆಲಸಕ್ಕೆ ಸೇರಿದ. 2011ರಲ್ಲಿ ಖಿನ್ನತೆ ಬಂದು ಎರಡು ತಿಂಗಳು ಮನೆಯಲ್ಲಿದ್ದ. ಅದನ್ನೂ ದಾಟಿದ.

"ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು" ಎಂಬ ಗಾದೆ ನಮ್ಮಲ್ಲಿದೆ. ನಮ್ಮ ಮನೆಯ ಹಿರಿಯರು ಅದರ ಎರಡನೆಯ ಅರ್ಧವನ್ನಷ್ಟೇ ಹಿಡಿದುಕೊಂಡು, "ಮದುವೆ ಮಾಡಿ, ತಲೆಮೇಲೆ ಜವಾಬ್ದಾರಿ ಬಿದ್ರೆ ಎಲ್ಲಾ ಸರಿಹೋಗುತ್ತೆ" ಎಂದರು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು" ಎಂಬ ಇನ್ನೊಂದು ಗಾದೆಯನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅದು ತಾನಾಗಿಯೇ ನಡೆಯಿತು. 2014ರಲ್ಲಿ ಭಾನುವಾರದ ವಧು ಬೇಕಾಗಿದೆ ಅಂಕಣದಲ್ಲಿ ಆರೋಗ್ಯವಂತ ವರ ಎಂದು ಬರೆಸಿದೆವು. ಸಾಲಾವಳಿ ನೋಡಿಸಿದೆವು, 36 ಗುಣಗಳಲ್ಲಿ 26 ಕೂಡಿದವು. ಹುಡುಗಿಯ ತಂದೆ ಒಂದು ಸಂಜೆ ಒಬ್ಬರೇ ನಮ್ಮ ಮನೆಗೆ ಬಂದು, ಹುಡುಗನಿಗೆ ಆರೋಗ್ಯದ ತೊಂದರೆ ಏನಾದರೂ ಇದೆಯೇ ಎಂದು ನೇರವಾಗಿಯೇ ಕೇಳಿದರು. ಚಿಕ್ಕಂದಿನಲ್ಲಿ ಉಬ್ಬಸವಿತ್ತು, ಈಗಿಲ್ಲ ಎಂದು ನಾನು ಹೇಳಿದೆ. ಅದು ನಿಜವೇ. ಆ ನಿಜವನ್ನು ಹೇಳಿದ್ದು ಇನ್ನೊಂದನ್ನು ಮುಚ್ಚುವುದಕ್ಕಾಗಿ. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ಮಗನಿಗೆ ಹೇಳುವ ಮನಸ್ಸಿತ್ತು. "ಅವಳಿಗೆ ನಾನೇ ಹೇಳ್ತೀನಮ್ಮ" ಎಂದು ನಿಶ್ಚಿತಾರ್ಥಕ್ಕೆ ಮೊದಲು ಎರಡು ಸಲ ನನ್ನ ಮುಂದೆ ಬಂದು ನಿಂತಿದ್ದ. ಬೇಡ ಎಂದು ತಡೆದವಳು ನಾನು.

ಮದುವೆಯಾದ ಮೇಲೆ ಮೂರು ವರ್ಷ ಅವರು ನಮ್ಮ ಜೊತೆಯಲ್ಲೇ ಇದ್ದರು. ಮಗನ ಮಾತ್ರೆಗಳನ್ನು ನಾನು ಕ್ಯಾಲ್ಸಿಯಂ ಮಾತ್ರೆಯ ಖಾಲಿ ಡಬ್ಬಿಯೊಂದಕ್ಕೆ ತುಂಬಿಡುತ್ತಿದ್ದೆ. ಹಸಿರು ಮುಚ್ಚಳದ ಬಿಳಿ ಪ್ಲಾಸ್ಟಿಕ್ ಡಬ್ಬಿ ಅದು. ತಿಂಗಳ ಮೊದಲ ವಾರ, ಸೊಸೆ ಆಫೀಸಿಗೆ ಹೊರಟುಹೋದ ಮೇಲೆ, ಸ್ಟ್ರಿಪ್‌ಗಳಿಂದ ಒಂದೊಂದೇ ಮಾತ್ರೆ ಒತ್ತಿ ಬಿಡಿಸಿ, ಉಳಿದ ಸಿಪ್ಪೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ನಮ್ಮ ಮನೆಯ ಕಸದ ಬುಟ್ಟಿಗೆ ಹಾಕದೆ ರಸ್ತೆಯ ತುದಿಯವರೆಗೂ ಹೋಗಿ ಎಸೆದು ಬರುತ್ತಿದ್ದೆ. ರಾತ್ರಿ ಊಟವಾದ ಮೇಲೆ "ಕ್ಯಾಲ್ಸಿಯಂ ತಗೊಂಡ್ಯೇನೋ" ಎಂದು ನಾನು ಕೇಳುವುದು, "ಹೂಂ" ಎಂದು ಅವನು ಹೇಳುವುದು ನಡೆದಿತ್ತು. 2016ರಲ್ಲಿ ಸೊಸೆ ಬಸುರಿಯಾದಾಗ ಅವಳಿಗೂ ಕ್ಯಾಲ್ಸಿಯಂ ಬರೆದುಕೊಟ್ಟರು. ಒಂದು ಸಂಜೆ ಅವಳ ಮಾತ್ರೆ ಮುಗಿದಿತ್ತು. ಅವಳು ಸಹಜವಾಗಿ ಕಪಾಟಿನಿಂದ ಈ ಡಬ್ಬಿ ತೆಗೆದು, ಮುಚ್ಚಳ ತಿರುಗಿಸಿ, ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡು ನೀರಿನ ಲೋಟಕ್ಕೆ ಕೈ ಚಾಚಿದ್ದಳು. ನಾನು ಓಡಿಹೋಗಿ ಅವಳ ಕೈಯಿಂದ ಕಿತ್ತುಕೊಂಡು, "ಅದು ಹಳೇದಮ್ಮ, ಡೇಟ್ ಮುಗಿದಿದೆ" ಎಂದೆ. "ಮತ್ತೆ ಇವರಿಗೆ ದಿನಾ ಅದನ್ನೇ ಕೊಡ್ತೀರಲ್ಲ ಅತ್ತೆ" ಎಂದು ಅವಳು ನಕ್ಕಳು. ಬಸುರಿನ ಮೊದಲ ತಿಂಗಳುಗಳಲ್ಲಿ ಲಿಥಿಯಂ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಬೆಳವಣಿಗೆಗೆ ತೊಂದರೆ ಮಾಡುವ ಸಂಭವವಿದೆ ಎಂಬುದು ನನಗೆ ಆಗಲೇ ಗೊತ್ತಿತ್ತು. ಒಂದು ಮಾತ್ರೆಯಿಂದ ಏನಾಗುತ್ತಿತ್ತೋ ಇಲ್ಲವೋ, ಆ ರಾತ್ರಿ ನನಗೆ ಕಣ್ಣು ಮುಚ್ಚಲಾಗಲಿಲ್ಲ. ಆದರೂ ಬೆಳಗಾದ ಮೇಲೆ ನಾನು ಮಾಡಿದ್ದು ಆ ಡಬ್ಬಿಯನ್ನು ಅವಳ ಕೈಗೆಟುಕದ ಅಟ್ಟಕ್ಕೆ ಸಾಗಿಸಿದ್ದಷ್ಟೇ. ನಿಜ ಹೇಳಲು ಅಷ್ಟು ದೊಡ್ಡ ಕಾರಣ ಕಣ್ಣೆದುರು ಬಂದು ನಿಂತಿದ್ದಾಗಲೂ ನಾನು ಹೇಳಲಿಲ್ಲ. ಉಳಿದದ್ದಕ್ಕಿಂತ ಹೆಚ್ಚಾಗಿ ಇದು ನನ್ನನ್ನು ಇಂದಿಗೂ ಸುಡುತ್ತದೆ.

2017ರಲ್ಲಿ ಇಬ್ಬರ ಕೆಲಸಕ್ಕೂ ಹತ್ತಿರವಾಗಲೆಂದು ಅವರು ಮಾರತ್ತಹಳ್ಳಿಯ ಆಚೆ ಫ್ಲ್ಯಾಟಿಗೆ ಹೋದರು. ಅಲ್ಲಿ ಮಾತ್ರೆ ಮುಚ್ಚಿಡಲು ನಾನಿರಲಿಲ್ಲ. ಸ್ವಲ್ಪ ಕಾಲ ಲ್ಯಾಪ್‌ಟಾಪ್ ಚೀಲದಲ್ಲಿಟ್ಟುಕೊಂಡು ಆಫೀಸಿನಲ್ಲೇ ನುಂಗುತ್ತಿದ್ದನಂತೆ. ಹೆಂಡತಿ ಎಲ್ಲಿ ಚೀಲ ತೆಗೆದು ನೋಡುತ್ತಾಳೋ ಎಂಬ ಭಯ ಒಂದು ಕಡೆ, ಇಷ್ಟು ವರ್ಷ ಚೆನ್ನಾಗಿಯೇ ಇದ್ದೇನಲ್ಲ ಎಂಬ ಧೈರ್ಯ ಇನ್ನೊಂದು ಕಡೆ. 2019ರ ಮಧ್ಯದಲ್ಲಿ ಪೂರ್ತಿ ನಿಲ್ಲಿಸಿದ. ಲಿಥಿಯಂ ಅನ್ನು ವೈದ್ಯರ ಸಲಹೆಯಿಲ್ಲದೆ ಒಮ್ಮೆಲೇ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ಅದನ್ನು ಅವನಿಗೆ ನೆನಪಿಸಬಲ್ಲವರು, ದಿನಾ ಅವನ ಮುಖ ನೋಡುವವರು, ರಾತ್ರಿ ಮೂರು ಗಂಟೆಗೆ ಅವನು ಎದ್ದು ಓಡಾಡುವುದನ್ನು ಕಾಣುವವರು ಒಬ್ಬರೇ ಇದ್ದರು. ಅವಳಿಗೆ ನಾವು ಏನೂ ಹೇಳಿರಲಿಲ್ಲ. ಗಂಡ ಕೆಲಸದಲ್ಲಿ ಉತ್ಸಾಹದಿಂದಿದ್ದಾನೆ, ಹೊಸ ಕಂಪನಿ ಕಟ್ಟುತ್ತೇನೆ ಎನ್ನುತ್ತಿದ್ದಾನೆ ಎಂದು ಅವಳು ಮೊದಮೊದಲು ಸಂತೋಷಪಟ್ಟಿದ್ದಳು.

ಆ ವರ್ಷದ ಕೊನೆಗೆ ಅವನ ಹೆಸರಿನಲ್ಲಿ ಮೂರು ಪರ್ಸನಲ್ ಲೋನ್‌ಗಳಿದ್ದವು. ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಕಂಡ ಹೋಟೆಲ್ ಬಿಲ್ಲಿನ ಜಾಡು ಹಿಡಿದು ನೋಡಿದಾಗ, ಆಫೀಸಿನ ಸಹೋದ್ಯೋಗಿಯೊಬ್ಬಳ ಜೊತೆ ಅವನಿಗಿದ್ದ ಸಂಬಂಧ ಸೊಸೆಗೆ ಗೊತ್ತಾಯಿತು. ಕೇಳಿದ್ದಕ್ಕೆ ಅವನು ಅಲ್ಲಗಳೆಯಲೂ ಇಲ್ಲ, ನಾಚಲೂ ಇಲ್ಲ. ಆ ರಾತ್ರಿ ಹನ್ನೊಂದು ಗಂಟೆಗೆ ಅವಳು ನಿದ್ದೆಗಣ್ಣಿನ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಳು. ಕೂತು, ಅಳುತ್ತ, ಎಲ್ಲವನ್ನೂ ಹೇಳಿದಳು. ಒಬ್ಬ ಹೆಂಗಸಾಗಿ ನಾನು ಮೊದಲು ಅವಳ ಕೈ ಹಿಡಿದುಕೊಳ್ಳಬೇಕಿತ್ತು. ನನ್ನ ಬಾಯಿಂದ ಬಂದ ಮೊದಲ ಮಾತು, "ಮಾತ್ರೆ ಬಿಟ್ಟಿದ್ದಾನಾ?" ಎಂಬುದು.

ಅವಳು ಅಳು ನಿಲ್ಲಿಸಿ, "ಯಾವ ಮಾತ್ರೆ ಅತ್ತೆ?" ಎಂದು ಕೇಳಿದಳು.

ಮಗನನ್ನು ಮತ್ತೆ ಆಸ್ಪತ್ರೆಗೆ ಸೇರಿಸಿ, ನಾಲ್ಕು ವಾರಗಳಲ್ಲಿ ಉನ್ಮಾದ ಇಳಿದ ಮೇಲೆ, ಮನೆ ಉಳಿಸುವ ಆಸೆಯಿಂದ ನಾನು ಇನ್ನೊಂದು ತಪ್ಪು ಮಾಡಿದೆ. ಅವನು ಕೆಟ್ಟವನಲ್ಲಮ್ಮ, ಎಲ್ಲವನ್ನೂ ಕಾಯಿಲೆಯೇ ಮಾಡಿಸಿತು ಎಂದು ಸೊಸೆಯ ಮುಂದೆ ವಾದಿಸತೊಡಗಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಐದು ವರ್ಷ ಏನೂ ಇಲ್ಲ ಅಂದ್ರಿ. ಈಗ ಎಲ್ಲಾನೂ ಕಾಯಿಲೆ ತಲೆಗೇ ಕಟ್ತಿದ್ದೀರಿ" ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಅವಳು ವೈದ್ಯರನ್ನು ಒಂದೇ ಪ್ರಶ್ನೆ ಕೇಳಿದಳು: ಇದನ್ನು ಮಾಡಿದ್ದು ಕಾಯಿಲೆಯೋ, ಅವರೋ? ವೈದ್ಯರು ಸುಲಭದ ಉತ್ತರ ಕೊಡಲಿಲ್ಲ. ಉನ್ಮಾದದ ದಿನಗಳಲ್ಲಿ ನಿದ್ದೆ ಕಡಿಮೆಯಾಗುತ್ತದೆ, ಹಣ ನೀರಿನಂತೆ ಹರಿಯುತ್ತದೆ, ಕಾಮಾಸಕ್ತಿ ಹೆಚ್ಚುತ್ತದೆ, ಮುಂದೇನಾದೀತು ಎಂದು ತೂಗಿ ನೋಡುವ ಶಕ್ತಿಯೇ ಕುಂದುತ್ತದೆ, ಇದು ಆ ಕಾಯಿಲೆಯ ತಿಳಿದ ಲಕ್ಷಣ ಎಂದರು. ಆದರೆ ಇಷ್ಟು ಪಾಲು ಕಾಯಿಲೆಯದು, ಇಷ್ಟು ಪಾಲು ಮನುಷ್ಯನದು ಎಂದು ತಕ್ಕಡಿಯಲ್ಲಿಟ್ಟು ಹೇಳಲಾರೆ ಎಂದರು. ಅವರು ಹಾಗೆಂದ ಮೇಲೆ ಮಗನೇ ಬಾಯಿಬಿಟ್ಟ. ಆ ಸ್ನೇಹ ಶುರುವಾದದ್ದು ಮಾತ್ರೆ ಬಿಡುವುದಕ್ಕೂ ಮೊದಲು, ತಾನು ಚೆನ್ನಾಗಿದ್ದಾಗ. ಮಿತಿಮೀರಿದ್ದು ಆಮೇಲೆ. ತನಗೆ ಕಾಯಿಲೆಯಿದೆ ಎಂದು ಆ ಹೆಣ್ಣುಮಗಳಿಗೂ ಅವನು ಹೇಳಿರಲಿಲ್ಲ. ಹಾಗಾಗಿ ಆಕೆಯನ್ನು ದೂರಿ ಒಂದು ಮಾತನ್ನೂ ನಾನು ಇಲ್ಲಿ ಬರೆಯಲಾರೆ. ಒಂದು ವಿಷಯವನ್ನು ಮಾತ್ರ ಓದುಗರು ದಯವಿಟ್ಟು ಗಮನಿಸಬೇಕು. ಹೆಂಡತಿಗೆ ಅಥವಾ ಗಂಡನಿಗೆ ದ್ರೋಹ ಮಾಡುವವರಲ್ಲಿ ಹೆಚ್ಚಿನವರಿಗೆ ಯಾವ ಮಾನಸಿಕ ಕಾಯಿಲೆಯೂ ಇರುವುದಿಲ್ಲ, ಮತ್ತು ಈ ಕಾಯಿಲೆ ಇದ್ದೂ ನಿಷ್ಠೆಯಿಂದ ಬಾಳುತ್ತಿರುವವರು ಎಷ್ಟೋ ಮಂದಿ ಇದ್ದಾರೆ. ನಮ್ಮ ಮನೆಯ ಕಥೆ ಓದಿ ಅವರನ್ನು ಯಾರೂ ಅನುಮಾನದಿಂದ ನೋಡಬಾರದು.

ಸೊಸೆಗೆ ಎರಡು ಗಾಯಗಳಾಗಿದ್ದವು. ಗಂಡ ಕೊಟ್ಟದ್ದು ಒಂದು, ನಾವು ಕೊಟ್ಟದ್ದು ಇನ್ನೊಂದು. ಯಾವುದು ಹೆಚ್ಚು ನೋಯಿಸಿತು ಎಂದು ನಾನು ಕೇಳಿಲ್ಲ. ಆದರೆ ಅವಳು ಮತ್ತೆ ಮತ್ತೆ ಎತ್ತುತ್ತಿದ್ದುದು ಆ ಕ್ಯಾಲ್ಸಿಯಂ ಡಬ್ಬಿಯ ವಿಷಯವನ್ನೇ. ಇನ್ನೊಬ್ಬ ಹೆಂಗಸಿನ ವಿಷಯದಲ್ಲಿ ಸಿಟ್ಟು ಮಾಡುವುದೋ, ಜಗಳವಾಡುವುದೋ, ಬಿಟ್ಟು ಹೋಗುವುದೋ ಏನೋ ಒಂದು ದಾರಿಯಿತ್ತು. ತನ್ನ ಸುತ್ತಲಿನ ಮೂರು ಜನ ಐದು ವರ್ಷ ದಿನವೂ ತನ್ನ ಕಣ್ಣೆದುರಿಗೇ ನಾಟಕವಾಡಿದ್ದಾರೆ ಎಂದಾಗ, ಹಿಂದೆ ಕಳೆದ ಒಳ್ಳೆಯ ದಿನಗಳನ್ನೂ ಅವಳು ನಂಬದಂತಾದಳು. ತಾನು ಮದುವೆಯಾದದ್ದು ಯಾರನ್ನು ಎಂಬುದೇ ತಿಳಿಯುತ್ತಿಲ್ಲ ಎಂದು ಅವಳು ಒಮ್ಮೆ ನನ್ನೆದುರು ಹೇಳಿದಳು.

ಅವಳ ತಂದೆ ವಕೀಲರನ್ನು ಕಂಡರು. ಅದರಲ್ಲಿ ತಪ್ಪೇನೂ ಇಲ್ಲ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆ ದಿನಗಳಲ್ಲಿ ಕಾನೂನು ಏನು ಹೇಳುತ್ತದೆ ಎಂದು ನಾವೂ ತಿಳಿದುಕೊಳ್ಳಬೇಕಾಯಿತು. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಮದುವೆಯಾಗುವವರ ಬಗೆಗಿನ ಮಹತ್ವದ ಸಂಗತಿಯನ್ನು ಮರೆಮಾಚಿ, ವಂಚನೆಯಿಂದ ಒಪ್ಪಿಗೆ ಪಡೆದಿದ್ದರೆ ಆ ಮದುವೆಯನ್ನು ರದ್ದುಪಡಿಸಲು ಕೇಳಬಹುದು. ವಂಚನೆ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಗೊತ್ತಾದ ಮೇಲೂ ಒಪ್ಪಿ ಜೊತೆಯಲ್ಲಿ ಬಾಳಿದ್ದರೆ ಆ ದಾರಿ ಮುಚ್ಚುತ್ತದೆ. ವಿಚ್ಛೇದನದ್ದು ಬೇರೆ, ಅದು 13ನೇ ಸೆಕ್ಷನ್. ಮಾನಸಿಕ ಕಾಯಿಲೆ ಇದೆ ಎಂಬುದಷ್ಟೇ ಅಲ್ಲಿ ಸಾಲದು, ಜೊತೆಗೆ ಬಾಳುವುದನ್ನು ನಿರೀಕ್ಷಿಸಲಾಗದಷ್ಟು ಅದು ತೀವ್ರವಾಗಿರಬೇಕು. ಸ್ಕಿಜೋಫ್ರೇನಿಯಾ ಎಂಬ ಹೆಸರು ಹಚ್ಚಿದ ಮಾತ್ರಕ್ಕೆ ವಿಚ್ಛೇದನ ಸಿಗದು, ಅದರ ತೀವ್ರತೆಯನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿತ್ತು. 2013ರಲ್ಲಿ ಹೆಂಡತಿಯ ಕಾಯಿಲೆಯನ್ನು ಮುಂದೊಡ್ಡಿ ವಿಚ್ಛೇದನ ಕೇಳಿದ್ದ ಗಂಡನಿಗೆ ಅದೇ ನ್ಯಾಯಾಲಯ ವಿಚ್ಛೇದನ ನಿರಾಕರಿಸಿತು. ವ್ಯಭಿಚಾರ ಅಪರಾಧ ಎನ್ನುತ್ತಿದ್ದ ದಂಡಸಂಹಿತೆಯ 497ನೇ ಸೆಕ್ಷನ್ 2018ರ ಸೆಪ್ಟೆಂಬರಿನಲ್ಲಿ ಬಿದ್ದುಹೋದರೂ, ಅದು ವಿಚ್ಛೇದನಕ್ಕೆ ಕಾರಣವಾಗಿ ಇಂದಿಗೂ ಉಳಿದಿದೆ.

ಇಷ್ಟೆಲ್ಲ ದಾರಿಗಳಿದ್ದರೂ ಅವು ಎಲ್ಲಿಗೆ ಕರೆದೊಯ್ಯುತ್ತವೆ ಎಂಬುದನ್ನು ಕಂಡು ನಾನು ಹೆದರಿದೆ. ಅವರ ಕಡೆಯ ವಕೀಲರಿಗೆ ನನ್ನ ಮಗ ಎಂದೂ ಸರಿಹೋಗದ ರೋಗಿ ಎಂದು ತೋರಿಸಬೇಕಾಗಿತ್ತು. ನಾವು ಕಂಡ ವಕೀಲರು ಅವನಿಗೆ ಕಾಯಿಲೆಯೇ ಇರಲಿಲ್ಲ, ಕೆಲಸದ ಒತ್ತಡವಷ್ಟೇ ಎಂದು ಬರೆಸೋಣ ಎಂದರು. ಇಬ್ಬರೂ ಕೇಳಿದ್ದು ಅದೇ ಆಸ್ಪತ್ರೆಯ ಫೈಲನ್ನು. ಹತ್ತು ವರ್ಷ ಔಷಧ ತೆಗೆದುಕೊಂಡು, ತೆರಿಗೆ ಕಟ್ಟಿ, ಮಗಳನ್ನು ಎತ್ತಿ ಆಡಿಸಿದ ನನ್ನ ಮಗನಿಗೆ ಆ ಎರಡು ಅರ್ಜಿಗಳಲ್ಲಿ ಎಲ್ಲೂ ಜಾಗವಿರಲಿಲ್ಲ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತುವ ಮುನ್ನ ಸೊಸೆಯೇ ತಡೆದಳು. ರದ್ದಾದ ಮದುವೆಯ ಮಕ್ಕಳನ್ನೂ ಕಾಯ್ದೆ ಸಕ್ರಮ ಎಂದೇ ಕಾಣುತ್ತದೆ ಎಂದು ವಕೀಲರು ವಿವರಿಸಿದ್ದರೂ, "ನನ್ನ ಮಗಳಿಗೆ ಅವರಪ್ಪನ ಬಗ್ಗೆ ಕೋರ್ಟ್ ಕಾಗದದಿಂದ ಗೊತ್ತಾಗೋದು ಬೇಡ" ಎಂದಳು.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೇಳಬೇಕಾದವರು ಯಾರು, ಯಾರಿಗೆ, ಯಾವಾಗ? ಇಂಥ ಘಟನೆಗಳ ಸುದ್ದಿ ಬಂದಾಗಲೆಲ್ಲ, ಮದುವೆಗೆ ಮುಂಚೆ ಮಾನಸಿಕ ಆರೋಗ್ಯದ ಸರ್ಟಿಫಿಕೇಟ್ ಕಡ್ಡಾಯ ಮಾಡಬೇಕು ಎಂದು ಕೆಲವರು ಬರೆಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಮಾತ್ರೆ ನುಂಗಿ ಚೆನ್ನಾಗಿರುವವರು ಸರ್ಟಿಫಿಕೇಟಿಗೆ ಹೆದರಿ ವೈದ್ಯರ ಬಳಿಗೇ ಹೋಗದಂತಾಗುತ್ತದೆ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ರೋಗಿಯ ವಿವರಗಳನ್ನು ಗುಟ್ಟಾಗಿಡುವುದು ಅವನ ಹಕ್ಕು ಎನ್ನುತ್ತದೆ. ಅದು ಸರಿ. ಹುಡುಗಿಯ ಕಡೆಯವರು ಬಂದು ಕೇಳಿದರೆಂದು ವೈದ್ಯರು ಫೈಲು ತೆಗೆದು ತೋರಿಸುವಂತಿಲ್ಲ. ಹಾಗಾದ ಮೇಲೆ ಹೇಳುವ ಹೊಣೆ ಉಳಿಯುವುದು ಮದುವೆಯಾಗುವವರ ಮೇಲೆಯೇ. ಜಾಹೀರಾತಿನಲ್ಲಿ ಬರೆಸಬೇಕಿಲ್ಲ. ದಲ್ಲಾಳಿಗೆ, ಸೋದರಮಾವನಿಗೆ, ಛತ್ರಕ್ಕೆ ಬಂದವರಿಗೆ ತಿಳಿಯಬೇಕಾದ ಅಗತ್ಯವೂ ಇಲ್ಲ. ಇಬ್ಬರಿಗೂ ಮನಸ್ಸು ಒಪ್ಪಿದೆ ಎನ್ನುವಷ್ಟಾದ ಮೇಲೆ, ನಿಶ್ಚಿತಾರ್ಥದ ಮಾತಿಗಿಂತ ಮೊದಲು, ಕಾಯಿಲೆ ಇರುವವರೇ ತಾವು ಮದುವೆಯಾಗುವವರಿಗೆ ಹೇಳಬೇಕು. ಆಮೇಲೆ ಒಂದು ದಿನ ಇಬ್ಬರೂ ಒಟ್ಟಿಗೆ ಹೋಗಿ ವೈದ್ಯರೆದುರು ಕೂರಬೇಕು. ಮರುಕಳಿಸುವ ಮುನ್ಸೂಚನೆಗಳೇನು, ನಿದ್ದೆ ಎಷ್ಟು ಮುಖ್ಯ, ಬಸುರಿಗೆ ಮುಂಚೆ ಯಾವ ಮಾತ್ರೆ ಬದಲಿಸಬೇಕು, ಮಕ್ಕಳಿಗೆ ಬರುವ ಸಂಭವವೆಷ್ಟು ಎಂದು ಎಲ್ಲವನ್ನೂ ಕೇಳಬಹುದು. ತಂದೆ ತಾಯಿಯರು ಆ ದಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರೆ ಸಾಕು.

ಹೇಳಿದರೆ ಸಂಬಂಧ ಮುರಿದುಬೀಳುತ್ತದೆ ಎಂಬ ಭಯ ಸುಳ್ಳಲ್ಲ. ಮುರಿಯಬಹುದು. ಎರಡು ಮೂರು ಮುರಿಯಬಹುದು. ನನ್ನ ಸೊಸೆಯನ್ನು ಇದನ್ನೇ ಕೇಳಿದ್ದೆ, ಅಂದು ಹೇಳಿದ್ದರೆ ಒಪ್ಪುತ್ತಿದ್ದೆಯಾ ಎಂದು. "ಗೊತ್ತಿಲ್ಲ ಅತ್ತೆ, ನೀವು ನನ್ನನ್ನ ಕೇಳಲೇ ಇಲ್ವಲ್ಲ" ಎಂದಳು.

ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಕಷ್ಟ. ಗಂಡಿನ ಕಾಯಿಲೆ ಬಯಲಾದರೆ ಹೆಂಡತಿ ಅನುಸರಿಸಿಕೊಂಡು ಹೋಗಲಿ ಎನ್ನುತ್ತೇವೆ, ನಾನೇ ಎಂದಿದ್ದೇನೆ. ಹೆಣ್ಣಿನ ಕಾಯಿಲೆ ಬಯಲಾದರೆ ಅವಳನ್ನು ತವರಿಗೆ ಬಿಟ್ಟುಬರುತ್ತಾರೆ. ನನ್ನ ಮಗ ಆಸ್ಪತ್ರೆಯಲ್ಲಿದ್ದಾಗ ಹೆಂಗಸರ ವಾರ್ಡಿನಲ್ಲಿ ಹೆರಿಗೆಯಾಗಿ ಐದು ವಾರವಾದ ಹುಡುಗಿಯೊಬ್ಬಳಿದ್ದಳು. ಮದುವೆಗೆ ಮುಂಚೆ ನುಂಗುತ್ತಿದ್ದ ಮಾತ್ರೆಗಳನ್ನು ಗಂಡನ ಮನೆಯಲ್ಲಿ ಮುಚ್ಚಿಡಲಾಗದೆ ಬಿಟ್ಟಿದ್ದಳಂತೆ. ಇಂಥ ಕಾಯಿಲೆ ಮೊದಲೇ ಇದ್ದವರಿಗೆ ಬಾಣಂತನದ ವಾರಗಳಲ್ಲಿ ಮರುಕಳಿಸುವ ಅಪಾಯ ಬಹಳ ಹೆಚ್ಚು, ಮೊದಲೇ ತಿಳಿದಿದ್ದರೆ ಅದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅವಳ ಬಳಿ ಇದ್ದದ್ದು ಅವಳ ತಾಯಿಯೊಬ್ಬರೇ. ಮಗು ಗಂಡನ ಮನೆಯಲ್ಲಿತ್ತು. ಎದೆಹಾಲು ಕಟ್ಟಿ ಅವಳು ನೋವಿನಿಂದ ನರಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಸಂಬಂಧಿಕರ ಪ್ರಶ್ನೆ ಕೇಳಿದ ಕೂಡಲೇ ನನಗೆ ನೆನಪಾದದ್ದು ಆ ಹುಡುಗಿ.

ನ್ಯಾಷನಲ್ ಮೆಂಟಲ್ ಹೆಲ್ತ್ ಸರ್ವೆ ಹೆಸರಿನಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿದ್ದು ನಮ್ಮೂರಿನ ನಿಮ್ಹಾನ್ಸ್ ಸಂಸ್ಥೆಯೇ. ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ಚಿಕಿತ್ಸೆ ಸಿಗದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರವರೆಗೆ ಇದೆ ಎಂದು ಅದು ಹೇಳಿತು. ಅಂದರೆ ಮದುವೆಯ ಮಾತುಕತೆ ನಡೆಯುತ್ತಿರುವ ಎಷ್ಟೋ ಮನೆಗಳಲ್ಲಿ ಈ ಮಾತು ಗಂಟಲಲ್ಲೇ ಉಳಿದಿದೆ. ಹೊಸೂರು ರಸ್ತೆಯಲ್ಲಿ 1974ರಿಂದ ಇಂಥ ಸಂಸ್ಥೆಯಿದ್ದು, ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಿದ್ದರೂ, ಬೆಂಗಳೂರಿನ ನಾವು ಇಂದಿಗೂ ಸಿಟ್ಟು ಬಂದರೆ "ನಿಮ್ಹಾನ್ಸ್ ಕೇಸು" ಎಂದು ಬೈಯುತ್ತೇವೆ. ಮಕ್ಕಳ ಮುಂದೆ ಬೈಯುತ್ತೇವೆ. ನಾಳೆ ಅದೇ ಮಗುವಿಗೆ ತೊಂದರೆ ಬಂದಾಗ ಅದು ಹೇಗೆ ಬಾಯಿಬಿಟ್ಟೀತು? ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಳಿಂದ ಕನ್ನಡದಲ್ಲಿ ಈ ವಿಷಯಗಳನ್ನು ಸರಳವಾಗಿ ಬರೆಯುತ್ತ ಬಂದಿದ್ದಾರೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು, ಹೆಸರು ಹೇಳಬೇಕಾಗಿಯೂ ಇಲ್ಲ. ಮದುವೆಗೆ ಮುಂಚೆ ಈ ವಿಷಯ ಹೇಗೆ ಹೇಳಲಿ ಎಂದು ಕೇಳಲು ಕೂಡ ಆ ಸಂಖ್ಯೆಗೆ ಕರೆ ಮಾಡಬಹುದಲ್ಲವೇ?

ನಮ್ಮ ಮನೆಯ ಈಗಿನ ಸ್ಥಿತಿ ಹೀಗಿದೆ. ಮಗ ನಮ್ಮ ಜೊತೆಯಲ್ಲಿದ್ದಾನೆ, ಕೆಲಸಕ್ಕೆ ಹೋಗುತ್ತಾನೆ, ಸಾಲದ ಕೊನೆಯ ಕಂತು ಕಳೆದ ವರ್ಷ ತೀರಿತು. ಆ ಇನ್ನೊಂದು ಸಂಬಂಧ ಮುಗಿದು ಬಹಳ ಕಾಲವಾಯಿತು. ಸೊಸೆ ಬನಶಂಕರಿಯಲ್ಲಿ ಮಗಳ ಜೊತೆ ಬೇರೆ ಮನೆ ಮಾಡಿಕೊಂಡಿದ್ದಾಳೆ. ಅವರು ವಿಚ್ಛೇದನ ಪಡೆದಿಲ್ಲ, ಒಂದಾಗಿಯೂ ಇಲ್ಲ. ಭಾನುವಾರಗಳಲ್ಲಿ ಅವನು ಮಗಳನ್ನು ನೋಡಲು ಹೋಗುತ್ತಾನೆ. ಮೂರು ತಿಂಗಳಿಗೊಮ್ಮೆ ವೈದ್ಯರ ಬಳಿಗೆ ಹೋಗುವಾಗ ಅವಳೂ ಜೊತೆಗೆ ಹೋಗುತ್ತಾಳೆ, ರಕ್ತಪರೀಕ್ಷೆಯ ವರದಿಗಳ ಒಂದು ಪ್ರತಿ ಅವಳ ಬಳಿಯೂ ಇರುತ್ತದೆ. ಕಳೆದ ವರ್ಷ ಮಳೆಗಾಲದಲ್ಲಿ ಅವನಿಗೆ ನಾಲ್ಕು ರಾತ್ರಿ ನಿದ್ದೆ ಕೆಟ್ಟಿತ್ತು. ಅದನ್ನು ಅವನು ಮೊದಲು ಹೇಳಿದ್ದು ಅವಳಿಗೆ, ಅವಳು ಅಂದೇ ವೈದ್ಯರಿಗೆ ಫೋನ್ ಮಾಡಿದಳು, ಮಾತ್ರೆಯ ಪ್ರಮಾಣ ಸರಿಮಾಡಿದರು, ವಾರದಲ್ಲಿ ಸರಿಹೋದ. ಮುಂದೆ ಅವರು ಏನು ತೀರ್ಮಾನಿಸುತ್ತಾರೋ ನಾನು ಕೇಳುವುದಿಲ್ಲ. ಅವರ ಪರವಾಗಿ ಒಮ್ಮೆ ತೀರ್ಮಾನ ಮಾಡಿದ್ದು ಸಾಕಾಗಿದೆ.

ಈ ಪತ್ರವನ್ನು ಮಗ, ಸೊಸೆ ಇಬ್ಬರೂ ಓದಿ ಒಪ್ಪಿದ ಮೇಲೆಯೇ ಕಳಿಸುತ್ತಿದ್ದೇನೆ. ನಾನು ಮೊದಲು ಬರೆದಾಗ "ಬೇಡ ಎಂದು ತಡೆದೆವು" ಎಂದಿತ್ತು. ಮಗ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಟ್ಟ, ತಿದ್ದಿದ್ದೇನೆ. ಅವನ ಕೆಲಸಕ್ಕೂ ಮೊಮ್ಮಗಳ ಶಾಲೆಗೂ ತೊಂದರೆಯಾಗಬಾರದೆಂದು ನಮ್ಮ ಹೆಸರುಗಳನ್ನು ಪ್ರಕಟಿಸಬಾರದಾಗಿ ಕೋರುತ್ತೇನೆ.

ಆ ಸಂಬಂಧಿಕರಿಗೆ ಅಂದು ಅಡುಗೆಮನೆಯಲ್ಲಿ ನಾನು ಹೇಳಿದ್ದು, "ನಾವು ಮಾಡಿದ್ದನ್ನ ನೀವು ಮಾಡಬೇಡಿ, ಹುಡುಗಿಗೆ ಹೇಳೋಕೆ ಬಿಡಿ" ಎಂದಷ್ಟೇ. ಆಕೆಯ ಮುಖ ಸಪ್ಪಗಾಯಿತು. ಆಮೇಲೆ ಎರಡು ಸಲ ಫೋನ್ ಮಾಡಿದೆ, ಹುಡುಗಿಯ ಕೈಗೆ ಕೊಡಲಿಲ್ಲ. ನಿಶ್ಚಿತಾರ್ಥಕ್ಕೆ ದಿನ ನೋಡುತ್ತಿದ್ದಾರೆಂದು ಬೇರೆಯವರಿಂದ ತಿಳಿಯಿತು. ಅವರ ಮನೆಗೆ ನಿಮ್ಮ ಪತ್ರಿಕೆ ಬರುತ್ತದೆ. ಆ ಹುಡುಗಿ ಇದನ್ನು ಓದಿದರೆ, ಇದು ತನ್ನ ವಿಷಯ ಎಂದು ಅವಳಿಗೆ ಮಾತ್ರ ಗೊತ್ತಾಗುತ್ತದೆ. ಮಗಳೇ, ನಿನಗೆ ನಮ್ಮ ಮನೆ ಗೊತ್ತು. ಮನೆಯಲ್ಲಿ ಹೇಳಲು ಬಿಡದಿದ್ದರೆ ಆ ಹುಡುಗನನ್ನು ಇಲ್ಲಿಗೇ ಕರೆದುಕೊಂಡು ಬಾ, ನಿಮ್ಮಿಬ್ಬರನ್ನೂ ನಡುಮನೆಯಲ್ಲಿ ಕೂರಿಸಿ ನಾವು ದೇವಸ್ಥಾನಕ್ಕೆ ಹೋಗಿಬರುತ್ತೇವೆ. ನನ್ನ ಸೊಸೆಯೊಡನೆ ಮಾತನಾಡಬೇಕೆನಿಸಿದರೆ ಅದಕ್ಕೂ ಅವಳು ಒಪ್ಪಿದ್ದಾಳೆ. ಶನಿವಾರ ಸಂಜೆ ನಾಲ್ಕರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ
ಬೆಂಗಳೂರು